ಗೊರಕೆ ಎಂದರೆ ಗಾಢ ನಿದ್ದೆಯಲ್ಲ

ನಮ್ಮ ಹೋಟೇಲುಗಳಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಒಲೆ ಹೊತ್ತಿಸುವವರಿದ್ದಾರೆ, ರಾತ್ರಿ ಹನ್ನೆರಡಕ್ಕೆ ಗಲ್ಲಾದ ಲೆಕ್ಕ ಮುಗಿಸುವವರೂ ಇದ್ದಾರೆ. ಹಗಲಲ್ಲಿ ಮಾಲಕ ತೂಕಡಿಸಿದರೆ 'ದಣಿವು' ಎನ್ನುತ್ತೇವೆ, ಹುಡುಗ ತೂಕಡಿಸಿದರೆ 'ಸೋಮಾರಿ' ಎನ್ನುತ್ತೇವೆ. ಆದರೆ ಏಳೆಂಟು ಗಂಟೆ ಮಲಗಿಯೂ ತೂಕಡಿಕೆ ಬಿಡದಿದ್ದರೆ ಅದು ಕಾಯಿಲೆಯಾಗಿರಬಹುದು. ಸಾಮಾನ್ಯವಾಗಿ ಕಾಣುವ ನಾಲ್ಕು ತೊಂದರೆಗಳು ಇಲ್ಲಿವೆ.

1. ಸ್ಲೀಪ್ ಅಪ್ನಿಯಾ: ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. ಜೋರು ಗೊರಕೆ, ನಡುವೆ ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರೇ ಇಲ್ಲ, ಮತ್ತೆ ಒಮ್ಮೆಲೇ ಏದುಸಿರು. ಗಂಟೆಗೆ 30 ಸಲ ಹೀಗಾದರೆ ತೀವ್ರವೆಂದು ಲೆಕ್ಕ. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ಹತೋಟಿಗೆ ಬಾರದ ಬಿ.ಪಿ. ಇದರ ಇತರ ಲಕ್ಷಣಗಳು. ಮಲಗಿದವನಿಗೆ ಇದು ಗೊತ್ತಾಗುವುದಿಲ್ಲ, ಮನೆಯಾಕೆಯನ್ನೋ ಜತೆಗೆ ಮಲಗುವವರನ್ನೋ ಕೇಳಬೇಕು. ಸಂಗೀತ ನಿರ್ದೇಶಕ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಇದೂ ಒಂದು.

2. ನಿದ್ರಾಹೀನತೆ: ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬಾರದಿದ್ದರೆ ವೈದ್ಯರಿಗೆ ತೋರಿಸಿ. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿರುತ್ತದೆ. ಬಾಗಿಲು ಹಾಕುವ ಹೊತ್ತಿನ ಆ ಕೊನೆಯ ಕಾಫಿ ಬೇಡ.

3. ಪಾಳಿ ಕೆಲಸದ ತೊಂದರೆ: ದೇಹದ ಗಡಿಯಾರ ಬೆಳಕು ನೋಡಿ ನಡೆಯುತ್ತದೆ. ಪಾಳಿ ಪದೇ ಪದೇ ಬದಲಾದರೆ ಮಲಗಿದಾಗ ನಿದ್ದೆ ಬಾರದು, ಕೆಲಸದಲ್ಲಿ ಎಚ್ಚರ ಉಳಿಯದು.

4. ಕಾಲಿನ ಚಡಪಡಿಕೆ: ಮಲಗಿದೊಡನೆ ಕಾಲು ಆಡಿಸಲೇಬೇಕೆನಿಸುತ್ತದೆ, ಎದ್ದು ನಡೆದರೆ ಹಾಯೆನಿಸುತ್ತದೆ. ದಿನವಿಡೀ ನಿಂತ ನೋವೆಂದು ಬಿಡಬೇಡಿ, ಕಬ್ಬಿಣದ ಅಂಶ ಕಡಿಮೆಯಾದರೂ ಹೀಗಾಗುತ್ತದೆ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ಗೊರಕೆಯವರು ಮೆಡಿಕಲ್‌ನಿಂದ ತಾವಾಗಿಯೇ ನಿದ್ದೆಮಾತ್ರೆ ತಂದು ನುಂಗಬಾರದು. ಕೆಲವು ಮಾತ್ರೆಗಳೂ ಮದ್ಯವೂ ಉಸಿರಾಟವನ್ನು ಇನ್ನಷ್ಟು ಕೆಡಿಸುತ್ತವೆ. ಕಿವಿ-ಮೂಗು-ಗಂಟಲಿನ ಅಥವಾ ಶ್ವಾಸಕೋಶದ ವೈದ್ಯರು ಒಂದು ರಾತ್ರಿಯ ನಿದ್ರಾ ಪರೀಕ್ಷೆ ಮಾಡಿಸುತ್ತಾರೆ, ಕೆಲವರಿಗೆ ಮನೆಯಲ್ಲೇ ಆಗುತ್ತದೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಬೇಕಾದರೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಇದಕ್ಕಿರುವ ಉಪಾಯಗಳು.

ಮಾಲಕರ ಕೈಯಲ್ಲೇ ಇರುವ ಮದ್ದೂ ಒಂದಿದೆ. ರಾತ್ರಿ ಬಾಗಿಲು ಹಾಕಿದವನನ್ನೇ ಮರುದಿನ ಬೆಳಿಗ್ಗೆ ಬಾಗಿಲು ತೆರೆಯಲು ಎಬ್ಬಿಸಬೇಡಿ. ಕಾದ ಎಣ್ಣೆಯ ಬಾಣಲೆ ಎದುರು ನಿಂತವನಿಗೆ ಒಂದು ಕ್ಷಣ ಕಣ್ಣು ಮುಚ್ಚಿದರೂ ಸಾಕು, ಅನಾಹುತ ಆಗಿಹೋಗುತ್ತದೆ.