ಅರಾನ್‌ಗೆ ನಾಳೆ ಹಡಗು ಉಂಟೇ?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಕ್ಲೈಡ್ ಕೊಲ್ಲಿಯೊಳಗೆ ಇರುವ ಅರಾನ್ ದ್ವೀಪಕ್ಕೆ 2025ರ ಜನವರಿ 13ರಂದು ಹೊಸ ಹಡಗೊಂದು ಓಡಾಟ ಶುರುಮಾಡಿತು. ಅದರ ಹೆಸರು ಗ್ಲೆನ್ ಸ್ಯಾನಕ್ಸ್, ಅರಾನ್‌ನದೇ ಒಂದು ಕಣಿವೆಯ ಹೆಸರು. ಉದ್ದ 102 ಮೀಟರ್, 127 ಕಾರುಗಳಿಗೆ ಜಾಗ, 852 ಪ್ರಯಾಣಿಕರಿಗೆ ಅನುಮತಿ. ಡೀಸೆಲ್‌ನಿಂದಲೂ ದ್ರವೀಕೃತ ನೈಸರ್ಗಿಕ ಅನಿಲದಿಂದಲೂ ಓಡಬಲ್ಲದು. ಮೂಲ ಒಪ್ಪಂದದ ಪ್ರಕಾರ ಅದು 2018ರಲ್ಲೇ ಕೈಸೇರಬೇಕಿತ್ತು. ಇಷ್ಟು ವರ್ಷ ಕಾದ ಜನ ಅದರಲ್ಲಿ ಎರಡು ತಿಂಗಳು ಓಡಾಡಿದ್ದರೋ ಇಲ್ಲವೋ, ಮಾರ್ಚ್ ಮಧ್ಯದ ಹೊತ್ತಿಗೆ ಒಡಲಿನ ಬೆಸುಗೆಯೊಂದರಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಹಡಗನ್ನು ಸೇವೆಯಿಂದ ತೆಗೆದು ದುರಸ್ತಿಗೆ ಕಳಿಸಬೇಕಾಯಿತು.

ಅರಾನ್‌ನ ಜನಸಂಖ್ಯೆ ಐದು ಸಾವಿರದೊಳಗೆ. ಲ್ಯಾಮ್ಲ್ಯಾಷ್‌ನಲ್ಲಿ ಒಂದು ಪ್ರೌಢಶಾಲೆ, ಒಂದು ಚಿಕ್ಕ ಆಸ್ಪತ್ರೆ ಇವೆ. ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾದವರು ಸಾಮಾನ್ಯವಾಗಿ ಹಡಗು ಹತ್ತಿ, ಮುಖ್ಯಭೂಮಿಯ ಕಿಲ್ಮಾರ್ನಕ್ ಬಳಿಯ ಕ್ರಾಸ್‌ಹೌಸ್ ಆಸ್ಪತ್ರೆಗೆ ಹೋಗಬೇಕು. ಬೆಳಗಿನ ಹಡಗು ರದ್ದಾದರೆ ತಜ್ಞರ ಭೇಟಿಯ ಸರದಿ ತಪ್ಪುತ್ತದೆ. ಸಂಜೆಯದು ರದ್ದಾದರೆ, ಈಗಷ್ಟೇ ಚಿಕಿತ್ಸೆ ಪಡೆದು ಬಂದವರು ರಾತ್ರಿಗೆ ಹೋಟೆಲ್ ಕೋಣೆ ಹುಡುಕಬೇಕು. ದ್ವೀಪದ ವಿಸ್ಕಿ, ಚೀಸ್, ಕುರಿ, ದನ ಎಲ್ಲವೂ ಹೊರಗೆ ಹೋಗುವುದು ಇದೇ ದಾರಿಯಲ್ಲಿ. ಅಂಗಡಿಗೆ ಹಾಲು, ಬ್ರೆಡ್ಡು ಬರುವುದೂ ಇದೇ ದಾರಿಯಲ್ಲಿ. ಉತ್ತರದ ತುದಿಯ ಲಾಕ್‌ರಾನ್ಜಾದಿಂದ ಇನ್ನೊಂದು ಸಣ್ಣ ಫೆರಿ ಉಂಟು. ಆದರೆ ಅದು ಇಳಿಸುವುದು ಕಿನ್‌ಟೈರ್ ಎಂಬ ಉದ್ದನೆಯ ಪರ್ಯಾಯದ್ವೀಪದಲ್ಲಿ. ಅಲ್ಲಿಂದ ಗ್ಲಾಸ್ಗೋ ಮುಟ್ಟಲು ಬೆಟ್ಟ, ಸರೋವರಗಳನ್ನೆಲ್ಲ ಬಳಸಿ ಗಂಟೆಗಟ್ಟಲೆ ಕಾರು ಓಡಿಸಬೇಕು.

ಸೇವೆಯನ್ನು ನಡೆಸುವುದು ಕ್ಯಾಲ್‌ಮ್ಯಾಕ್ ಎಂದು ಎಲ್ಲರೂ ಕರೆಯುವ ಕ್ಯಾಲಿಡೋನಿಯನ್ ಮ್ಯಾಕ್‌ಬ್ರೇನ್, ಸರ್ಕಾರಿ ಒಡೆತನದ ಸಂಸ್ಥೆ. ಆದರೆ ಹಡಗುಗಳು ಅದರವಲ್ಲ. ಹಡಗುಗಳ ಮಾಲೀಕತ್ವ ಸಿಮ್ಯಾಲ್ ಎಂಬ ಇನ್ನೊಂದು ಸರ್ಕಾರಿ ಸಂಸ್ಥೆಯದು, ಹಣ ಮತ್ತು ನೀತಿ ಟ್ರಾನ್ಸ್‌ಪೋರ್ಟ್ ಸ್ಕಾಟ್ಲೆಂಡ್ ಇಲಾಖೆಯದು. ಮೂರಕ್ಕೂ ಯಜಮಾನ ಒಬ್ಬನೇ, ಎಡಿನ್‌ಬರೋದ ಸ್ಕಾಟಿಷ್ ಸರ್ಕಾರ. ಹಡಗು ಯಾಕೆ ತಡ ಎಂದು ಕೇಳಿದ ಪ್ರಯಾಣಿಕನನ್ನು ಒಬ್ಬರು ಇನ್ನೊಬ್ಬರ ಬಾಗಿಲಿಗೆ ಕಳಿಸಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಸಿಗಲಾರದು.

ಗ್ಲೆನ್ ಸ್ಯಾನಕ್ಸ್ ಕಟ್ಟಿದ ಕಥೆ ಬ್ರಿಟನ್ನಿನಲ್ಲಿ ಮನೆಮಾತು. ಕ್ಲೈಡ್ ದಂಡೆಯ ಪೋರ್ಟ್ ಗ್ಲಾಸ್ಗೋದಲ್ಲಿರುವ ಫರ್ಗುಸನ್ ಹಡಗುಕಟ್ಟೆ 2014ರಲ್ಲಿ ದಿವಾಳಿಯಾಗಿ, ಉದ್ಯಮಿ ಜಿಮ್ ಮೆಕಾಲ್ ಅವರ ಕೈಗೆ ಬಂದಿತ್ತು. ಎರಡು ಹಡಗುಗಳನ್ನು 9.7 ಕೋಟಿ ಪೌಂಡಿಗೆ ಕಟ್ಟಿಕೊಡುವ ಒಪ್ಪಂದ 2015ರ ಅಕ್ಟೋಬರ್‌ನಲ್ಲಿ ಅದಕ್ಕೆ ಸಿಕ್ಕಿತು. ಕೆಲಸ ಕೆಟ್ಟರೆ ಪೂರ್ತಿ ಹಣ ವಾಪಸ್ ಕೊಡುವ ಖಾತರಿ ಆ ಒಪ್ಪಂದದಲ್ಲಿ ಇರಲಿಲ್ಲ. ಖಾತರಿ ಇಲ್ಲದೆಯೂ ಮುಂದುವರಿಯಲು ಸಚಿವರು ಯಾವ ಆಧಾರದ ಮೇಲೆ ತೀರ್ಮಾನಿಸಿದರು ಎಂಬುದಕ್ಕೆ ಸಾಕಷ್ಟು ದಾಖಲೆಯೇ ಸಿಗುತ್ತಿಲ್ಲ ಎಂದು ಲೆಕ್ಕಪರಿಶೋಧನಾ ಸಂಸ್ಥೆ ಆಡಿಟ್ ಸ್ಕಾಟ್ಲೆಂಡ್ 2022ರ ಮಾರ್ಚ್‌ನಲ್ಲಿ ವರದಿ ಮಾಡಿತು. 2017ರ ನವೆಂಬರ್‌ನಲ್ಲಿ ಆಗಿನ ಪ್ರಥಮ ಸಚಿವೆ ನಿಕೋಲಾ ಸ್ಟರ್ಜನ್ ಹಡಗನ್ನು ನೀರಿಗಿಳಿಸಿದಾಗ ಅದರ ಕಿಟಕಿಗಳಿರಬೇಕಾದ ಕಡೆ ಗಾಜಿರಲಿಲ್ಲ, ಕಿಟಕಿಯಂತೆ ಬಳಿದ ಕಪ್ಪು ಬಣ್ಣ ಇತ್ತು. ದ್ವೀಪದವರು ಇದನ್ನು ಇವತ್ತಿಗೂ ಮರೆತಿಲ್ಲ. 2019ರಲ್ಲಿ ಹಡಗುಕಟ್ಟೆ ಮತ್ತೆ ದಿವಾಳಿಯಾಯಿತು, ಸರ್ಕಾರವೇ ಅದನ್ನು ವಹಿಸಿಕೊಂಡಿತು. ಆ ಮೇಲೆ ನೋಡಿದರೆ ಮೊದಲೇ ಎಳೆದಿದ್ದ ನೂರಾರು ಕೇಬಲ್‌ಗಳು ಉಪಕರಣಗಳನ್ನು ಮುಟ್ಟದಷ್ಟು ಗಿಡ್ಡ! ಅವನ್ನು ಕಿತ್ತು ಹೊಸದಾಗಿ ಎಳೆಯಬೇಕಾಯಿತು. ತುರ್ತಿನಲ್ಲಿ ಜನ ಹೊರಬೀಳುವ ದಾರಿಗಳ ಬಗ್ಗೆ ಸುರಕ್ಷತಾ ಪ್ರಾಧಿಕಾರ ತಕರಾರು ತೆಗೆದು, ಹೆಚ್ಚುವರಿ ಮೆಟ್ಟಿಲುಗಳನ್ನು ಕೂಡಿಸಬೇಕಾಯಿತು. ಸಾವಿರ ಜನಕ್ಕೆಂದು ಯೋಜಿಸಿದ ಹಡಗು 852ಕ್ಕೆ ಇಳಿಯಿತು. 2024ರ ನವೆಂಬರ್‌ನಲ್ಲಿ ಅದು ಕೊನೆಗೂ ಹಸ್ತಾಂತರವಾಗುವ ಹೊತ್ತಿಗೆ ಎರಡು ಹಡಗುಗಳ ಒಟ್ಟು ವೆಚ್ಚದ ಅಂದಾಜು ಮೂಲ ಬೆಲೆಯ ನಾಲ್ಕು ಪಟ್ಟು ದಾಟಿತ್ತು.

ಹಣ ತೆರಿಗೆದಾರನ ಚಿಂತೆ. ಪ್ರಯಾಣಿಕನ ಚಿಂತೆ ಬೇರೆ, ಮತ್ತು ಅದು ಬಂದರಿನಿಂದಲೇ ಶುರುವಾಗುತ್ತದೆ. ಅರಾನ್‌ನ ಬ್ರಾಡಿಕ್‌ಗೆ ತಲೆತಲಾಂತರದಿಂದ ಹಡಗು ಹೊರಡುತ್ತಿದ್ದುದು ಆರ್ಡ್ರಾಸನ್‌ನಿಂದ. ಅಲ್ಲಿ ರೈಲು ಬಂದರಿನ ಬಾಗಿಲಿಗೇ ಬರುತ್ತದೆ, ಹಡಗಿನ ದಾರಿ 55 ನಿಮಿಷ. ಹೊಸ ಹಡಗು ಕಟ್ಟುವಾಗ ಎಲ್ಲರ ಮನಸ್ಸಿನಲ್ಲಿ ಇದ್ದುದೂ ಇದೇ ಮಾರ್ಗ. ಆದರೆ ಅಷ್ಟು ದೊಡ್ಡ ಹಡಗು ನಿಲ್ಲಬೇಕಾದರೆ ಆರ್ಡ್ರಾಸನ್ ಬಂದರನ್ನು ಪುನರ್‌ನಿರ್ಮಿಸಬೇಕಿತ್ತು. ಬಂದರು ಆಗ ಪೀಲ್ ಪೋರ್ಟ್ಸ್ ಎಂಬ ಖಾಸಗಿ ಕಂಪನಿಯದಾಗಿತ್ತು. ಯಾರು ಎಷ್ಟು ಕೊಡಬೇಕು ಎಂಬ ಮಾತುಕತೆ ವರ್ಷಗಟ್ಟಲೆ ಎಳೆಯಿತು, ಕೆಲಸ ಶುರುವಾಗಲೇ ಇಲ್ಲ. ಹೀಗಾಗಿ ಗ್ಲೆನ್ ಸ್ಯಾನಕ್ಸ್ ಹೊರಡುವುದು ದಕ್ಷಿಣದ ಟ್ರೂನ್‌ನಿಂದ. ಅಲ್ಲಿಂದ ದಾರಿ ಸುಮಾರು ಒಂದೂಕಾಲು ಗಂಟೆಯದು. ಪ್ರತಿ ಸುತ್ತಿಗೂ ಹೆಚ್ಚು ಹೊತ್ತು ಹಿಡಿಯುವುದರಿಂದ ದಿನಕ್ಕೆ ಮಾಡಬಹುದಾದ ಸುತ್ತುಗಳೂ ಕಡಿಮೆ. ರೈಲು ನಿಲ್ದಾಣಕ್ಕೂ ಟ್ರೂನ್ ಬಂದರಿಗೂ ನಡುವೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ ಇದೆ. ಚಳಿಗಾಲದ ಅಡ್ಡಮಳೆಯಲ್ಲಿ ಚಕ್ರದ ಪೆಟ್ಟಿಗೆ ಎಳೆಯುತ್ತಾ, ಒಂದು ಕೈಯಲ್ಲಿ ಮಗುವನ್ನು ಹಿಡಿದು ಆ ದೂರ ನಡೆಯುವವರಿಗೆ ಒಳಗೆ ಕಾದಿರುವ ಹೊಸ ಆಸನಗಳು ಎಷ್ಟು ಮೆತ್ತಗಿದ್ದರೇನು?

ವಿಶ್ವಾಸಾರ್ಹತೆ ಎಂಬುದನ್ನು ಆಡಳಿತ ಎಣಿಸುವ ಬಗೆಗೂ ಪ್ರಯಾಣಿಕ ಅನುಭವಿಸುವ ಬಗೆಗೂ ಅಜಗಜಾಂತರ ಇದೆ. ಕ್ಯಾಲ್‌ಮ್ಯಾಕ್‌ನ ಒಪ್ಪಂದದಲ್ಲಿ ಬಿರುಗಾಳಿಯಂಥ ಕೆಲವು ಕಾರಣಗಳಿಗೆ ವಿನಾಯಿತಿ ಇದೆ. ಆ ಕಾರಣಗಳಿಂದ ರದ್ದಾದ ಪಯಣ ದಂಡಕ್ಕೆ ಗುರಿಯಾಗುವ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಸೋಸಿ ತೆಗೆದ ಮೇಲೆ ವಿಶ್ವಾಸಾರ್ಹತೆ ಕಾಗದದ ಮೇಲೆ ನೂರರ ಹತ್ತಿರ ಹತ್ತಿರ ಕಾಣುತ್ತದೆ. ಧಕ್ಕೆಯಲ್ಲಿ ನಿಂತವನಿಗೆ ಹಡಗು ಗಾಳಿಯಿಂದ ನಿಂತಿತೋ ಗೇರ್‌ಬಾಕ್ಸಿನಿಂದ ನಿಂತಿತೋ ಅಂಥ ವ್ಯತ್ಯಾಸವೇನಿಲ್ಲ. ಇನ್ನೊಂದು ಮಾತೂ ಇದೆ. ರದ್ದಾಗುವುದಕ್ಕಿಂತ ಹೆಚ್ಚು ಕಾಡುವುದು ರದ್ದಾಗಬಹುದು ಎಂಬ ಸೂಚನೆ. ಮೊಬೈಲಿಗೆ ಹಿಂದಿನ ದಿನವೇ ಎಚ್ಚರಿಕೆಯ ಸಂದೇಶ ಬರುತ್ತದೆ: ಸೇವೆ ಅಸ್ತವ್ಯಸ್ತವಾಗಬಹುದು, ಕೊನೆ ಗಳಿಗೆಯಲ್ಲಿ ನಿರ್ಧಾರವಾಗಬಹುದು. ಮದುವೆಗೆ ಹೊರಟವರು, ಸಂದರ್ಶನಕ್ಕೆ ಹೊರಟವರು, ಟ್ರಕ್ಕಿನಲ್ಲಿ ಜೀವಂತ ಕುರಿ ತುಂಬಿಕೊಂಡವರು ಈ ಒಂದು ವಾಕ್ಯವನ್ನು ನಂಬಿ ಏನು ಮಾಡಬೇಕು? ಬಹಳ ಮಂದಿ ಒಂದು ದಿನ ಮೊದಲೇ ಹೊರಟುಬಿಡುತ್ತಾರೆ. ಮರುದಿನ ಹಡಗು ವೇಳೆಗೆ ಸರಿಯಾಗಿ ಓಡಿದರೆ ಆ ಹೋಟೆಲ್ ಖರ್ಚು ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ.

ಗಾಳಿಯ ವಿಷಯದಲ್ಲಿ ಹೊರಗಿನವರಿಗೆ ತಿಳಿಯದ ಸಂಗತಿ ಒಂದುಂಟು. ಇಷ್ಟು ಗಾತ್ರದ ಹಡಗಿಗೆ ಕಡಲು ದಾಟುವುದು ಅಂಥ ಕಷ್ಟವೇನಲ್ಲ, ಕಷ್ಟ ಇರುವುದು ಧಕ್ಕೆಗೆ ತಾಗಿ ನಿಲ್ಲುವುದರಲ್ಲಿ. ಬಂದರಿನ ಬಾಯಿ ಕಿರಿದಾಗಿದ್ದು ಗಾಳಿ ಅಡ್ಡದಿಂದ ಹೊಡೆದರೆ, ನಿಧಾನಿಸಿದ ಹಡಗು ಹಿಡಿತ ಕಳೆದುಕೊಳ್ಳುತ್ತದೆ. ಎತ್ತರದ ಒಡಲು ಆಗ ಹಾಯಿಯೇ. ಆದ್ದರಿಂದ ಬ್ರಾಡಿಕ್‌ನ ಆಕಾಶ ತಿಳಿಯಾಗಿ ಕಂಡರೂ ಪಯಣ ರದ್ದಾಗಬಹುದು. ಹೊಸ ಹಡಗು ಹಳೆಯದಕ್ಕಿಂತ ದೊಡ್ಡದಾದ ಮಾತ್ರಕ್ಕೆ ರದ್ದತಿ ಕಡಿಮೆಯಾಗುತ್ತದೆ ಎಂದು ನಂಬಿದವರು ಈ ಸಂಗತಿಯನ್ನು ಮರೆತಿದ್ದರು.

ಸುಖದ ಪ್ರಶ್ನೆಯೂ ಹೀಗೆಯೇ ಬಿಡಿಬಿಡಿಯಾಗಿದೆ. ಕಡಲಬೇನೆ ತರುವುದು ಮುಖ್ಯವಾಗಿ ಮೇಲೆ ಕೆಳಗೆ ತೂಗುವ ನಿಧಾನದ ಚಲನೆ. ಸುಮಾರು ಐದು ಸೆಕೆಂಡಿಗೊಮ್ಮೆ ಏರಿ ಇಳಿಯುವ ಲಯ ಹೊಟ್ಟೆಗೆ ಅತ್ಯಂತ ಕೆಟ್ಟದು ಎಂದು ಸಂಶೋಧನೆಗಳು ಹೇಳುತ್ತವೆ. ಕಣ್ಣಿಗೆ ಕ್ಷಿತಿಜ ಸಿಕ್ಕರೆ ಬೇನೆ ತಗ್ಗುತ್ತದೆ, ಹಾಗಾಗಿ ಕಿಟಕಿ ಪಕ್ಕದ ಆಸನಕ್ಕೆ ನೂಕುನುಗ್ಗಲು. ಪಯಣದ ಹೊತ್ತಿನಲ್ಲಿ ಕಾರಿನೊಳಗೆ ಕುಳಿತಿರಲು ಅವಕಾಶವಿಲ್ಲ, ಸುರಕ್ಷತೆಯ ದೃಷ್ಟಿಯಿಂದ ಎಲ್ಲರೂ ಮೇಲಿನ ಅಂತಸ್ತಿಗೆ ಬರಲೇಬೇಕು. 55 ನಿಮಿಷದಲ್ಲಿ ಒಂದು ಚಹಾ ಕುಡಿದು ಮುಗಿಯುತ್ತಿದ್ದ ದಾರಿ ಒಂದೂಕಾಲು ಗಂಟೆಯಾದಾಗ, ಮಂಡಿನೋವಿನ ಮುದುಕರಿಗೆ, ವಾಂತಿ ಮಾಡುವ ಮಕ್ಕಳಿಗೆ, ನಿತ್ಯ ಓಡಾಡುವ ಕೆಲಸಗಾರರಿಗೆ ಆ ಹೆಚ್ಚಿನ ಇಪ್ಪತ್ತು ನಿಮಿಷವೇ ಸುಖದ ಅಳತೆಗೋಲು. ಬೇಸಿಗೆಯ ಪ್ರವಾಸಿ ಅದೇ ಹೊತ್ತನ್ನು ದ್ವೀಪದ ಗೋಟ್‌ಫೆಲ್ ಶಿಖರದ ಚಿತ್ರ ತೆಗೆಯುತ್ತಾ ಖುಷಿಯಿಂದ ಕಳೆಯುತ್ತಾನೆ. ಇಬ್ಬರ ಅಭಿಪ್ರಾಯವನ್ನೂ ಒಂದೇ ಸಮೀಕ್ಷೆಯಲ್ಲಿ ಕೂಡಿಸಿ ಸರಾಸರಿ ತೆಗೆದರೆ ಏನೂ ತಿಳಿಯದು.

ಪರಿಸರಸ್ನೇಹಿ ಎಂಬ ಹೆಗ್ಗಳಿಕೆಯೂ ದ್ವೀಪದಲ್ಲಿ ಗೇಲಿಗೆ ಗುರಿಯಾಗಿದೆ. ದ್ರವೀಕೃತ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಅದನ್ನು ತುಂಬಿಸುವ ಸೌಕರ್ಯ ಹತ್ತಿರದಲ್ಲೆಲ್ಲೂ ಇಲ್ಲದ್ದರಿಂದ ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್‌ನಿಂದ ಟ್ಯಾಂಕರ್ ಲಾರಿಗಳಲ್ಲಿ ತರಬೇಕು. ಉರಿಯದೆ ಸೋರುವ ಮೀಥೇನನ್ನೂ ಲೆಕ್ಕಕ್ಕೆ ಹಿಡಿದರೆ, ಗಾತ್ರದಲ್ಲಿ ದೊಡ್ಡದಾದ ಈ ಹಡಗಿನ ಒಟ್ಟು ಮಾಲಿನ್ಯ ಅರಾನ್ ಮಾರ್ಗದ 1993ರ ಹಳೆಯ ಡೀಸೆಲ್ ಹಡಗು ಕ್ಯಾಲಿಡೋನಿಯನ್ ಐಲ್ಸ್‌ಗಿಂತ ತುಸು ಹೆಚ್ಚೇ ಎಂಬ ಅಂದಾಜು ಹೊರಬಂದಿದೆ. ಎರಡೆರಡು ಇಂಧನ ಎಂದರೆ ಎರಡೆರಡು ಜಾಲದ ಕೊಳವೆ, ಸಂವೇದಕ, ತಪಾಸಣೆ. ಹಡಗು ತಡವಾದದ್ದಕ್ಕೂ ಈ ಸಂಕೀರ್ಣತೆ ಒಂದು ಕಾರಣ.

ಹೋಲಿಕೆಗೆ ಜನ ಬೊಟ್ಟು ಮಾಡಿ ತೋರಿಸುವುದು ಆಲ್‌ಫ್ರೆಡ್ ಎಂಬ ಇನ್ನೊಂದು ಹಡಗನ್ನು. ಅದು ಆರ್ಕ್‌ನಿ ದ್ವೀಪಗಳಿಗೆ ಸೇವೆ ಒದಗಿಸುವ ಖಾಸಗಿ ಸಂಸ್ಥೆ ಪೆಂಟ್‌ಲ್ಯಾಂಡ್ ಫೆರೀಸ್‌ನದು, ಜೋಡಿ ಒಡಲಿನ ಕ್ಯಾಟಮರಾನ್. ವಿಯೆಟ್ನಾಮಿನಲ್ಲಿ ಕಟ್ಟಿ 2019ರಲ್ಲಿ ಬಂದ ಈ ಹಡಗಿನ ಬೆಲೆ ಸುಮಾರು 1.4 ಕೋಟಿ ಪೌಂಡ್, ಕಾರುಗಳಿಗೆ ಜಾಗ 98. ಗ್ಲೆನ್ ಸ್ಯಾನಕ್ಸ್ ಬಾರದೆ, ಕ್ಯಾಲಿಡೋನಿಯನ್ ಐಲ್ಸ್ ಕೆಡುತ್ತಾ ಇದ್ದ ಕಾಲದಲ್ಲಿ, 2023ರಿಂದ ಸರ್ಕಾರ ಇದನ್ನು ತಿಂಗಳಿಗೆ ಸುಮಾರು 10 ಲಕ್ಷ ಪೌಂಡ್ ಬಾಡಿಗೆಗೆ ಹಿಡಿಯಿತು. ಒಂದೂವರೆ ವರ್ಷದ ಬಾಡಿಗೆಯಲ್ಲಿ ಹಡಗನ್ನೇ ಕೊಳ್ಳಬಹುದಿತ್ತು ಎಂಬ ಲೆಕ್ಕ ಹಾಕಲು ಅರಾನ್‌ನವರಿಗೆ ಯಾವ ತಜ್ಞರೂ ಬೇಕಾಗಲಿಲ್ಲ. ಆಲ್‌ಫ್ರೆಡ್ ಪರಿಪೂರ್ಣ ಎಂದಲ್ಲ. ಪ್ರಯಾಣಿಕರ ಜಾಗ ಅದರಲ್ಲಿ ಕಡಿಮೆ, ಮತ್ತು 2022ರ ಜುಲೈನಲ್ಲಿ ಅದು ಸ್ವೋನಾ ದ್ವೀಪದ ಬಂಡೆಗೆ ಬಡಿದು ಹಲವರಿಗೆ ಗಾಯವಾಗಿತ್ತು. ಆದರೂ ಒಂದು ಭಾರಿ ಹಡಗಿನ ಬದಲು ಎರಡು ಸರಳ ಹಡಗು ಇರಲಿ, ಒಂದು ಕೆಟ್ಟರೆ ಇನ್ನೊಂದು ಓಡಲಿ ಎಂಬ ವಾದಕ್ಕೆ ಅದು ಜೀವಂತ ಸಾಕ್ಷಿಯಾಯಿತು.

ಮೀಸಲು ಹಡಗು ಇಲ್ಲದಿರುವುದೇ ಈ ಇಡೀ ಜಾಲದ ರೋಗ. ಕ್ಯಾಲ್‌ಮ್ಯಾಕ್‌ನ ದೊಡ್ಡ ಹಡಗುಗಳಲ್ಲಿ ಹಲವು ಮೂವತ್ತು ವರ್ಷ ದಾಟಿದವು, ಐಲ್ ಆಫ್ ಅರಾನ್ ಎಂಬ ಹಡಗು ಓಡಾಟ ಶುರುಮಾಡಿದ್ದು 1984ರಲ್ಲಿ. ಕ್ಯಾಲಿಡೋನಿಯನ್ ಐಲ್ಸ್ 2024ರ ಜನವರಿಯಲ್ಲಿ ವಾರ್ಷಿಕ ತಪಾಸಣೆಗೆ ಹೋಯಿತು. ಒಳಗಿನ ಉಕ್ಕು ತುಕ್ಕು ಹಿಡಿದಿರುವುದು ತಿಳಿದು, ಒಂದಾದ ಮೇಲೊಂದು ದೋಷ ಹೊರಬಿದ್ದು, ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮೂಲೆ ಸೇರಿತು. ಹೀಗೆ ಒಂದು ಹಡಗು ಕೆಟ್ಟರೆ ಇನ್ನೊಂದು ದ್ವೀಪದ ಹಡಗನ್ನು ಕಿತ್ತು ತರುತ್ತಾರೆ. 2023ರ ಜೂನ್‌ನಲ್ಲಿ ದಕ್ಷಿಣ ಉಯಿಸ್ಟ್ ದ್ವೀಪ ತನ್ನ ಸೇವೆಯನ್ನು ಹೆಚ್ಚುಕಡಿಮೆ ಇಡೀ ತಿಂಗಳು ಕಳೆದುಕೊಂಡಿತು. ಲಾಕ್‌ಬಾಯ್ಸ್‌ಡೇಲ್ ಬಂದರಿನಲ್ಲಿ ನೂರಾರು ಜನ ವಾಹನಗಳ ಸಮೇತ ಬಂದು ನಿಂತು ಪ್ರತಿಭಟಿಸಿದರು. ಅರಾನ್‌ನ ಸಮಸ್ಯೆಯನ್ನು ನೂರಾರು ಕಿಲೋಮೀಟರ್ ದೂರದ ಉಯಿಸ್ಟ್‌ನವರು ಹೊರಬೇಕಾಗುವುದು, ಉಯಿಸ್ಟ್‌ನದನ್ನು ಇನ್ನಾರೋ ಹೊರುವುದು ಈ ಜಾಲದಲ್ಲಿ ಮಾಮೂಲಿ.

ಬೇಡಿಕೆ ಹೆಚ್ಚಿದ್ದರಲ್ಲಿ ಸರ್ಕಾರದ ಒಳ್ಳೆಯ ಉದ್ದೇಶದ ಪಾಲೂ ಇದೆ. ಹಡಗಿನ ದರ ಅಷ್ಟೇ ದೂರದ ರಸ್ತೆ ಪ್ರಯಾಣದ ಖರ್ಚಿಗೆ ಸಮನಾಗಿರಬೇಕು ಎಂಬ ನೀತಿಯನ್ನು 2008ರಲ್ಲಿ ಪಶ್ಚಿಮ ದ್ವೀಪಗಳಲ್ಲಿ ಪ್ರಯೋಗಿಸಿ, 2014ರಲ್ಲಿ ಅರಾನ್‌ಗೂ ತಂದರು. ದರ ಗಣನೀಯವಾಗಿ ಇಳಿಯಿತು, ಪ್ರವಾಸಿ ಕಾರುಗಳು ಸಾಲುಗಟ್ಟಿದವು. ಹಡಗುಗಳ ಸಂಖ್ಯೆ ಮಾತ್ರ ಅಷ್ಟೇ ಉಳಿಯಿತು. ವಾರಾಂತ್ಯದ ಜಾಗ ಬಹಳ ಮೊದಲೇ ಭರ್ತಿಯಾಗಿ, ಅಜ್ಜಿಯ ಅಂತ್ಯಕ್ರಿಯೆಗೆ ಬರಬೇಕಾದ ಮೊಮ್ಮಗನಿಗೆ ಕಾರಿನ ಟಿಕೆಟ್ ಸಿಗದ ಸ್ಥಿತಿ ಬಂತು. 2023ರ ಮೇನಲ್ಲಿ ಬಂದ ಹೊಸ ಬುಕಿಂಗ್ ವ್ಯವಸ್ಥೆ ಇದಕ್ಕೆ ಇನ್ನೊಂದು ದೂರು ಸೇರಿಸಿತು: ಪರದೆಯ ಮೇಲೆ ಹಡಗು ಭರ್ತಿ, ಹತ್ತಿ ನೋಡಿದರೆ ಕಾರುಗಳ ಅಂತಸ್ತಿನಲ್ಲಿ ಖಾಲಿ ಜಾಗ.

ಗ್ಲೆನ್ ಸ್ಯಾನಕ್ಸ್‌ನ ಜೋಡಿ ಹಡಗು ಗ್ಲೆನ್ ರೋಸಾ 2024ರ ಏಪ್ರಿಲ್‌ನಲ್ಲಿ ನೀರಿಗಿಳಿಯಿತು, ಅದರ ಹಸ್ತಾಂತರದ ದಿನಾಂಕ ಅಲ್ಲಿಂದೀಚೆಗೆ ಪದೇಪದೇ ಮುಂದೆ ಹೋಗಿದೆ. ಬೇರೆ ದ್ವೀಪಗಳಿಗಾಗಿ ನಾಲ್ಕು ಹಡಗುಗಳನ್ನು ಟರ್ಕಿಯ ಜೆಮ್ರೆ ಹಡಗುಕಟ್ಟೆಗೆ ಒಪ್ಪಿಸಲಾಗಿದ್ದು, ಅಲ್ಲಿಯೂ ವಿಳಂಬ ತಪ್ಪಿಲ್ಲ. ಆರ್ಡ್ರಾಸನ್ ಬಂದರನ್ನು ಸರ್ಕಾರವೇ ಕೊಳ್ಳುವ ಸಾಧ್ಯತೆಯನ್ನು ಪರಿಶೀಲಿಸುವುದಾಗಿ 2025ರ ಫೆಬ್ರುವರಿಯಲ್ಲಿ ಘೋಷಣೆಯಾಯಿತು. ಬಂದರು ಯಾರ ಕೈಯಲ್ಲಿದ್ದರೂ ಧಕ್ಕೆ ಕಟ್ಟಿ ಮುಗಿಯಲು ವರ್ಷಗಳು ಬೇಕು, ಅಲ್ಲಿಯವರೆಗೆ ಗ್ಲೆನ್ ಸ್ಯಾನಕ್ಸ್‌ನ ದಾರಿ ಟ್ರೂನ್ ಮೂಲಕವೇ.