ಒಂದು ಚಿಟಿಕೆ ಮೇಣ, ಮಿನಿಯಾಪೊಲಿಸ್ ಚಳಿ

ಅಮೆರಿಕದ ಮಿನಿಯಾಪೊಲಿಸ್‌ನಿಂದ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ರಾಯಚೂರಿನ ಬಿಸಿಲಲ್ಲಿ ಬೆಳೆದವರು. ಈಗ ಅವರ ಊರಲ್ಲಿ ಬೆಳಗಿನ ಹೊತ್ತು ಮೈನಸ್ 20 ಡಿಗ್ರಿ. ಕಾರು ಸ್ಟಾರ್ಟ್ ಮಾಡಿ ಹೀಟರ್ ಹಾಕಿದರೆ ಬಹಳ ಹೊತ್ತು ಬರೀ ತಣ್ಣನೆ ಗಾಳಿ. ಆಫೀಸಿನ ಪಾರ್ಕಿಂಗ್ ಸೇರುವ ಹೊತ್ತಿಗೆ ಬಿಸಿ ಬರಲು ಶುರು. 'ಬಚ್ಚಲುಮನೆಯ ಗೀಸರ್ ಐದು ನಿಮಿಷದಲ್ಲಿ ನೀರು ಕಾಯಿಸುತ್ತೆ. ಇಷ್ಟು ದೊಡ್ಡ ಕಾರಿಗೆ ಏನು ರೋಗ?' ಎಂಬುದು ಅವರ ಪ್ರಶ್ನೆ. ಊರಲ್ಲಿರುವ ಅಪ್ಪನಿಗೆ ಫೋನ್ ಮಾಡಿದಾಗ ಅಪ್ಪ ತಮ್ಮ ಕಾಯಂ ಮೆಕ್ಯಾನಿಕ್‌ನನ್ನು ವಿಚಾರಿಸಿ ಸಲಹೆಯನ್ನೂ ಕೊಡಿಸಿದ್ದಾರೆ: 'ಥರ್ಮೋಸ್ಟಾಟ್ ವಾಲ್ವ್ ಕಿತ್ತಾಕಿಸಮ್ಮಾ, ಎಲ್ಲಾ ಸರಿಹೋಗುತ್ತೆ.'

ಪ್ರಶ್ನೆ ಸೊಗಸಾಗಿದೆ. ಸಲಹೆಯ ವಿಚಾರಕ್ಕೆ ಆಮೇಲೆ ಬರೋಣ, ಅದಕ್ಕೆ ಸ್ವಲ್ಪ ಜಾಗ ಬೇಕು.

ಮೊದಲು ತಿಳಿಯಬೇಕಾದ್ದು, ಪೆಟ್ರೋಲ್ ಕಾರಿನಲ್ಲಿ ಹೀಟರ್ ಎಂಬ ಪ್ರತ್ಯೇಕ ಒಲೆಯೇ ಇಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಪುಸ್ತಕದ ಗಾತ್ರದ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ಅಷ್ಟೆ. ಎಂಜಿನ್ನನ್ನು ತಂಪಾಗಿಡಲು ಸುತ್ತಿ ಬಂದ ಬಿಸಿ ದ್ರವ, ಅಂದರೆ ಕೂಲಂಟ್, ಅದರೊಳಗೆ ಹರಿಯುತ್ತದೆ, ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ. ನೀವು ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಹೆಚ್ಚೆಂದರೆ ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಸೈಲೆನ್ಸರ್ ಮೂಲಕ ಹೊರಗೆ, ಇನ್ನರ್ಧ ಕೂಲಂಟಿಗೆ. ಬೇಸಿಗೆಯಲ್ಲಿ ಶನಿ ಎಂದು ನಾವು ಹೊರಗೆ ಎಸೆಯುವ ಈ ಶಾಖವೇ ಚಳಿಗಾಲದಲ್ಲಿ ಬಿಟ್ಟಿ ಬಿಸಿ. ಬಿಟ್ಟಿ ಸಿಕ್ಕಿದ್ದು ಕೇಳಿದ ಕೂಡಲೇ ಸಿಗಬೇಕು ಎನ್ನುವಂತಿಲ್ಲವಲ್ಲ!

ಕಾಗದ-ಪೆನ್ಸಿಲ್ ಹಿಡಿದು ಒರಟು ಲೆಕ್ಕ ಹಾಕೋಣ. ಎಂಜಿನ್ನಿನ ಲೋಹ ಸುಮಾರು 120 ಕಿಲೋ, ಕೂಲಂಟ್ ಸುಮಾರು 6 ಲೀಟರ್ ಎಂದಿಟ್ಟುಕೊಳ್ಳಿ. ಇಷ್ಟನ್ನೂ ಮೈನಸ್ 20ರಿಂದ 90 ಡಿಗ್ರಿಗೆ ಏರಿಸಲು ಹತ್ತಿರ ಹತ್ತಿರ 10 ಮೆಗಾಜೂಲ್ ಶಾಖ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿರುವುದು ಸುಮಾರು 32 ಮೆಗಾಜೂಲ್. ಕಾರು ನಿಂತಲ್ಲೇ ಗುರುಗುಟ್ಟುತ್ತಿದ್ದರೆ ಗಂಟೆಗೆ ಒಂದು ಲೀಟರಿಗಿಂತ ಕಡಿಮೆ ಪೆಟ್ರೋಲ್ ಉರಿಯುತ್ತದೆ. ಅದರಲ್ಲಿ ಕೂಲಂಟಿಗೂ ಲೋಹಕ್ಕೂ ಸೇರುವ ಪಾಲನ್ನು ಲೆಕ್ಕ ಹಾಕಿದರೆ ಸಿಗುವುದು 3 ಕಿಲೋವಾಟಿನ ಆಸುಪಾಸು. ಅಂದರೆ, ನಮ್ಮ ಓದುಗರು ಹೇಳಿದ ಆ ಇನ್‌ಸ್ಟಂಟ್ ಗೀಸರ್‌ನಷ್ಟೇ! ಆದರೆ ಗೀಸರ್ ಕಾಯಿಸುವುದು ಒಂದೆರಡು ಬಕೆಟ್ ನೀರನ್ನು. ಇಲ್ಲಿ ಕಾಯಬೇಕಾದ್ದು ರಾತ್ರಿಯಿಡೀ ಹಿಮದಲ್ಲಿ ಬಿದ್ದಿದ್ದ ಕ್ವಿಂಟಾಲಿಗೂ ಮಿಕ್ಕ ಲೋಹ. ನಿಂತಲ್ಲೇ ನಿಂತರೆ ಅದು ಪೂರ್ತಿ ಬಿಸಿಯೇರಲು ಗಂಟೆಯ ಲೆಕ್ಕದಲ್ಲಿ ಕಾಯಬೇಕು. ಅದೇ ಕಾರನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿಸಿ: ಗಂಟೆಗೆ 5 ಲೀಟರ್ ಉರಿಯುತ್ತದೆ, ಹತ್ತು-ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಎಂಜಿನ್ ದುಡಿಯದೆ ಶಾಖ ಹುಟ್ಟುವುದಿಲ್ಲ.

ಹಾಗಾದರೆ 'ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಬೇಕು' ಎಂಬ ಮಾತು ಎಲ್ಲಿಂದ ಬಂತು? ಕಾರ್ಬ್ಯುರೇಟರ್ ಕಾಲದಿಂದ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಚೋಕ್ ಎಳೆಯುವ ಆ ಗುಬುಟು ನೆನಪಿರಬೇಕು. ತಣ್ಣನೆ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ, ಗೇರ್ ಹಾಕಿದ ತಕ್ಷಣ ಗಾಡಿ ಜರ್ಕ್ ಹೊಡೆದು ಆಫ್ ಆಗುತ್ತಿತ್ತು. ಆಗ ಕಾಯುವುದು ವಿವೇಕ. ಇಂಧನವನ್ನು ಅಳೆದು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬಂದು ದಶಕಗಳೇ ಆದವು. ಈಗ ಅರ್ಧ ನಿಮಿಷ, ಗಾಜಿನ ಮೇಲಿನ ಮಂಜು ಕೆರೆಯುವಷ್ಟು ಹೊತ್ತು ಸಾಕು. ಆಮೇಲೆ ಆಕ್ಸಿಲರೇಟರ್ ಒದೆಯದೆ ಮೆತ್ತಗೆ ಹೊರಟರಾಯಿತು. ಚೋಕಿನ ಗುಬುಟು ಹೋದರೂ ಅದನ್ನು ಎಳೆದ ಕೈಗಳ ಉಪದೇಶ ಮಾತ್ರ ಮೊಮ್ಮಕ್ಕಳವರೆಗೆ ಬಂದಿದೆ.

ಈಗ ಥರ್ಮೋಸ್ಟಾಟ್. ಇದನ್ನು ಬರೆಯುವ ಆಸೆಗೇ ನಾನು ಈ ಪ್ರಶ್ನೆಯನ್ನು ಎತ್ತಿಕೊಂಡದ್ದು.

ಎಂಜಿನ್ ತಣ್ಣಗಿರುವಾಗ ಕೂಲಂಟ್ ಮುಂದಿನ ದೊಡ್ಡ ರೇಡಿಯೇಟರಿಗೆ ಹೋಗಬಾರದು. ಹೋದರೆ ಹುಟ್ಟಿದ ಶಾಖವೆಲ್ಲ ಮಿನಿಯಾಪೊಲಿಸ್ ಬೀದಿಯ ಪಾಲು. ಅದಕ್ಕೇ ದಾರಿಯಲ್ಲಿ ಒಂದು ಬಾಗಿಲು. ಬಿಸಿ 82 ಅಥವಾ 88 ಡಿಗ್ರಿ ಮುಟ್ಟುವ ತನಕ ಅದು ಮುಚ್ಚಿರುತ್ತದೆ. ಕೂಲಂಟ್ ಎಂಜಿನ್ ಮತ್ತು ಡ್ಯಾಶ್‌ಬೋರ್ಡಿನ ಪುಟ್ಟ ರೇಡಿಯೇಟರಿನ ನಡುವೆ ಸಣ್ಣ ಸುತ್ತು ಹಾಕುತ್ತಿರುತ್ತದೆ. ಆ ಡಿಗ್ರಿ ದಾಟಿದರೆ ಬಾಗಿಲು ತೆರೆದು ದೊಡ್ಡ ಸುತ್ತು ಶುರು. ಬಹುಪಾಲು ಕಾರುಗಳಲ್ಲಿ ಈ ಬಾಗಿಲಿಗೆ ವೈರಿಲ್ಲ, ಬ್ಯಾಟರಿಯಿಲ್ಲ, ಚಿಪ್ ಇಲ್ಲ. ತೆರೆಯುವುದು ಮೇಣ!

ಹೌದು, ಮೇಣದಬತ್ತಿಯ ಜಾತಿಯದೇ ಪ್ಯಾರಫಿನ್ ಮೇಣ. ಹೆಬ್ಬೆರಳಿನ ತುದಿಯಷ್ಟು ದೊಡ್ಡ ಲೋಹದ ಬಟ್ಟಲಲ್ಲಿ ಅದನ್ನು ತುಂಬಿ, ಶಾಖ ಬೇಗ ಹರಡಲೆಂದು ತಾಮ್ರದ ಪುಡಿ ಬೆರೆಸಿ, ನಡುವೆ ರಬ್ಬರ್ ಕವಚ ತೊಟ್ಟ ಒಂದು ಕಡ್ಡಿ ನಿಲ್ಲಿಸಿ ಮೊಹರು ಮಾಡಿರುತ್ತಾರೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಮೇಣ ಅದಕ್ಕೆ ತದ್ವಿರುದ್ಧ, ಕರಗುವಾಗ ಹಿಗ್ಗುತ್ತದೆ, ಅದೂ ನೂರಕ್ಕೆ ಹತ್ತು ಪಾಲಿಗೂ ಹೆಚ್ಚು. ಹಿಗ್ಗಿದ ಮೇಣಕ್ಕೆ ಹೋಗಲು ಬೇರೆ ಜಾಗವಿಲ್ಲ. ಕಡ್ಡಿಯನ್ನು ಹೊರಕ್ಕೆ ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ತಣಿದರೆ ಸ್ಪ್ರಿಂಗ್ ಅದನ್ನು ವಾಪಸ್ ಎಳೆದು ಮುಚ್ಚುತ್ತದೆ. ಎಷ್ಟು ಡಿಗ್ರಿಗೆ ಕರಗಬೇಕೆಂಬುದನ್ನು ಮೇಣದ ಅಣುಗಳ ಉದ್ದ ನಿರ್ಧರಿಸುತ್ತದೆ. ಇಂಗಾಲದ ಸರಪಳಿ ಉದ್ದವಾದಷ್ಟೂ ಕರಗುವ ಬಿಂದು ಮೇಲೇರುತ್ತದೆ. ಬೇಕಾದ ಹದಕ್ಕೆ ಬೆರೆಸಿಕೊಂಡರಾಯಿತು. ಪೆಟ್ರೋಲ್ ಬರುವ ಕಚ್ಚಾತೈಲದಿಂದಲೇ ಈ ಮೇಣವೂ ಬರುತ್ತದೆ. ಒಂದೇ ಪೀಪಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಬೆಂಕಿ ಹಚ್ಚುವವನು, ಇನ್ನೊಬ್ಬ ಬಾಗಿಲು ಕಾಯುವವನು.

ಈ ಮೇಣದ ಬಾಗಿಲನ್ನು ರೂಪಿಸಿದವರು ಸರ್ಜಿಯಸ್ ವರ್ನೆ ಎಂಬ ಎಂಜಿನಿಯರ್, 1930ರ ದಶಕದಲ್ಲಿ. ಅದಕ್ಕೂ ಮುಂಚೆ ಬೇಗ ಆವಿಯಾಗುವ ದ್ರವ ತುಂಬಿದ, ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುವ ಲೋಹದ ಡಬ್ಬಿಗಳು ಬಳಕೆಯಲ್ಲಿದ್ದವು. ಕೂಲಂಟಿನ ಒತ್ತಡ ಹೆಚ್ಚಾದರೆ ಅವು ಅಮುಕಿಕೊಂಡು ತಪ್ಪು ಹೊತ್ತಿಗೆ ತೆರೆಯುತ್ತಿದ್ದವು. ಮೇಣ ಒತ್ತಡಕ್ಕೆ ಜಗ್ಗುವುದಿಲ್ಲ. ವರ್ನೆಯವರ ಇದೇ ಉಪಾಯ ಇವತ್ತು ಸ್ನಾನದ ಶವರಿನ ಬಿಸಿ-ತಣ್ಣೀರು ಹದ ಮಾಡುವ ನಲ್ಲಿಗಳಲ್ಲಿದೆ, ಸಣ್ಣ ವಿಮಾನಗಳ ಎಂಜಿನ್ ಆಯಿಲ್ ತಂಪು ಮಾಡುವ ವ್ಯವಸ್ಥೆಯಲ್ಲಿದೆ, ಸೆಕೆ ಹೆಚ್ಚಾದರೆ ತಾನಾಗಿ ತೆರೆದುಕೊಳ್ಳುವ ಹಸಿರುಮನೆಯ ಕಿಟಕಿಗಳಲ್ಲೂ ಇದೆ.

ಕಣ್ಣಾರೆ ನೋಡಬೇಕೆಂದರೆ ಗ್ಯಾರೇಜಿನಲ್ಲಿ ಹಳೆಯ ಥರ್ಮೋಸ್ಟಾಟ್ ಒಂದನ್ನು ಕೇಳಿ ತನ್ನಿ. ಬಟ್ಟಲಿನ ಅಂಚಿನ ಮೇಲೆ 82 ಎಂದೋ 88 ಎಂದೋ ಅಚ್ಚು ಒತ್ತಿರುತ್ತದೆ. ಬೆರಳಿನಿಂದ ಬಾಗಿಲು ಒತ್ತಿ ತೆರೆಯಲು ನೋಡಿ, ಉಗುರು ನೋಯುತ್ತದೆಯೇ ಹೊರತು ಸ್ಪ್ರಿಂಗ್ ಅಲ್ಲಾಡುವುದಿಲ್ಲ. ನಾನು ಅದನ್ನು ದಾರದಲ್ಲಿ ಕಟ್ಟಿ, ಪಕ್ಕದಲ್ಲಿ ಥರ್ಮಾಮೀಟರ್ ಇಳಿಬಿಟ್ಟು, ನೀರಿನ ಪಾತ್ರೆಯನ್ನು ಸ್ಟವ್ ಮೇಲೆ ಇಟ್ಟಿದ್ದೆ. ತಳದಲ್ಲಿ ಗುಳ್ಳೆ ಏಳಲು ತೊಡಗಿದರೂ ಏನೂ ಆಗಲಿಲ್ಲ. ಅಚ್ಚೊತ್ತಿದ ಅಂಕಿ ದಾಟುತ್ತಿದ್ದಂತೆ ಬಾಗಿಲಿನ ಅಂಚಲ್ಲಿ ಕೂದಲೆಳೆಯಷ್ಟು ಸಂದಿ ಕಾಣಿಸಿತು. ಆಮೇಲೆ ಸದ್ದಿಲ್ಲದೆ ಅಗಲವಾಗುತ್ತ ಹೋಗಿ ಕಿರುಬೆರಳು ತೂರುವಷ್ಟಾಯಿತು. ನನ್ನ ಉಗುರಿಗೆ ಸೋಲದ ಸ್ಪ್ರಿಂಗ್ ಒಂದು ಚಿಟಿಕೆ ಮೇಣಕ್ಕೆ ಸೋತಿತ್ತು. (ಅಡುಗೆಯ ಪಾತ್ರೆ ಬಳಸಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿ ನಾಯಿ ಬೆಕ್ಕುಗಳು ಸಾಯುತ್ತವೆ.)

ಇಂಥ ಚತುರ ವಸ್ತುವನ್ನು ಕಿತ್ತು ಬಿಸಾಡಿ ಎನ್ನುವುದೇ ನಮ್ಮ ಗ್ಯಾರೇಜುಗಳ ವೇದವಾಕ್ಯ. 'ನಮ್ದು ಸೆಕೆ ದೇಶ ಸಾರ್, ಇದು ಫಾರಿನ್‌ನವರಿಗೆ.' ಈ ನಂಬಿಕೆ ಹುಟ್ಟಿದ ಬಗೆಯೂ ಕುತೂಹಲದ್ದು. ಕೂಲಂಟಿನ ಬದಲು ಬೋರ್‌ವೆಲ್‌ನ ಗಡಸು ನೀರು ತುಂಬುತ್ತೇವೆ. ಸುಣ್ಣದ ಪದರ ಕಟ್ಟಿಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ, ಬಾಗಿಲು ಮುಚ್ಚಿದಲ್ಲೇ ಸಿಕ್ಕಿಕೊಳ್ಳುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಗಾಡಿ ಕುದಿಯುತ್ತದೆ. ಮೆಕ್ಯಾನಿಕ್ ಬಾಗಿಲನ್ನೇ ಕಿತ್ತರೆ ಕುದಿತ ನಿಲ್ಲುತ್ತದೆ. ತಪ್ಪು ಮಾಡಿದ್ದು ನೀರು, ಗಡೀಪಾರಾದದ್ದು ವಾಲ್ವ್! ಆಮೇಲೆ ಎಂಜಿನ್ ಸದಾ ಅರೆಬಿಸಿಯಲ್ಲಿ ಓಡುತ್ತದೆ. 'ಇನ್ನೂ ಬಿಸಿಯಾಗಿಲ್ಲ' ಎಂದುಕೊಂಡ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ, ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಆಯಿಲಿಗೆ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ಮೈಲೇಜ್ ಇಳಿಯುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಇದೇ ವಾಲ್ವಿನ ಹಿಂಬದಿಯ ತಟ್ಟೆ ಸಣ್ಣ ಸುತ್ತಿನ ಅಡ್ಡದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದನ್ನು ಕಿತ್ತರೆ ಕೂಲಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ತಂಪಾಗಲೆಂದು ಮಾಡಿದ್ದೇ ಕುದಿತಕ್ಕೆ ದಾರಿಯಾಗಬಹುದು. ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವವರನ್ನು ಕಂಡು ನಗುವ ಮೆಕ್ಯಾನಿಕ್‌ಗಳೂ ಈ ವಿಷಯದಲ್ಲಿ ಅದೇ ಪಂಗಡ. ನಿಂಬೆಹಣ್ಣಿನಿಂದ ಎಂಜಿನ್ನಿಗಂತೂ ಹಾನಿಯಿಲ್ಲ.

ರಾಯಚೂರಿನ ಸಲಹೆಯನ್ನು ಮಿನಿಯಾಪೊಲಿಸ್‌ನಲ್ಲಿ ಪಾಲಿಸಿದರೆ ಏನಾಗುತ್ತದೆಂದು ಇನ್ನು ಹೇಳಬೇಕಿಲ್ಲ. ವಾಸ್ತವವಾಗಿ ಅವರ ಕಾರಿನಲ್ಲಿ ಬಾಗಿಲು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ. ಅಂದರೆ ಮೆಕ್ಯಾನಿಕ್ ಬಯಸಿದ್ದನ್ನು ಕಾರು ತಾನೇ ಮಾಡಿಕೊಂಡಿದೆ. ಪತ್ತೆ ಹಚ್ಚುವುದು ಸುಲಭ. ಟೆಂಪರೇಚರ್ ಮುಳ್ಳು ಎಷ್ಟು ಓಡಿಸಿದರೂ ನಡುವಿಗೆ ಬರುವುದಿಲ್ಲ, ಹೈವೇಗೆ ಹೋದರೆ ಇನ್ನೂ ಇಳಿಯುತ್ತದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು, ಬೆಲ್ಟು ಫ್ಯಾನುಗಳಿಂದ ಕೈ ದೂರವಿಟ್ಟು, ಮುಟ್ಟಿ ನೋಡುತ್ತಿರಬೇಕು. ವಾಲ್ವ್ ಸರಿಯಿದ್ದರೆ ಅದು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಕೆಟ್ಟಿದ್ದರೆ ಮೊದಲಿನಿಂದಲೇ ಉಗುರುಬೆಚ್ಚಗಾಗುತ್ತ ಬರುತ್ತದೆ. 1996ರಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾದ ಕಾರುಗಳಿಗೆ ಸ್ಕ್ಯಾನರ್ ಹಚ್ಚಬಹುದು. ಪಿ0128 ಎಂಬ ಕೋಡ್ ಬಂದರೆ, ಎಂಜಿನ್ ಬಿಸಿಯಾಗಬೇಕಾದಷ್ಟು ಆಗುತ್ತಿಲ್ಲ ಎಂದು ಕಾರೇ ದೂರು ಕೊಟ್ಟಂತೆ. ಹೊಸ ಥರ್ಮೋಸ್ಟಾಟ್ ಬಹುತೇಕ ಕಾರುಗಳಲ್ಲಿ ದುಬಾರಿ ಬಾಬ್ತೇನಲ್ಲ. ಮುಳ್ಳು ನಡುವಿಗೆ ಬಂದೂ ಗಾಳಿ ತಣ್ಣಗಿದ್ದರೆ ಕೂಲಂಟ್ ಕಡಿಮೆಯಾಗಿದೆಯೇ ನೋಡಿ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿದರೆ ಪುಟ್ಟ ರೇಡಿಯೇಟರಿನಲ್ಲಿ ಗಾಳಿ ಸೇರಿದೆ ಎಂದೇ ಅರ್ಥ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ಮಾತ್ರ ತೆರೆಯಬಾರದು.

ಎಲ್ಲ ಸರಿಯಿದ್ದೂ ತಡವಾದರೆ ಮಾಡಬೇಕಾದ್ದು ಇಷ್ಟೆ: ಮುಳ್ಳು ಏಳುವ ತನಕ ಬ್ಲೋವರ್ ಸಣ್ಣಗಿರಲಿ. ಜೋರಾಗಿ ಊದಿದರೆ ಎಂಜಿನ್ ಗಳಿಸಿದ ಚೂರುಪಾರು ಶಾಖವನ್ನೂ ಕಿತ್ತುಕೊಂಡಂತೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ, ಕೆನಡಾದಲ್ಲಿ ಕಾರಿನ ಮೂತಿಯಿಂದ ಪ್ಲಗ್ಗೊಂದು ನೇತಾಡುವುದನ್ನು ನೋಡಿ ಹೊಸದಾಗಿ ಹೋದ ನಮ್ಮವರು ಎಲೆಕ್ಟ್ರಿಕ್ ಕಾರೆಂದು ಭಾವಿಸುವುದುಂಟು. ಅದು ಬ್ಲಾಕ್ ಹೀಟರ್, ರಾತ್ರಿ ಎಂಜಿನ್ನನ್ನು ಬೆಚ್ಚಗಿಡುವ ಕಾಯಿಲ್. ಮಿನೆಸೋಟದ ಪಕ್ಕದ ನಾರ್ತ್ ಡಕೋಟದ ಆಂಡ್ರೂ ಫ್ರೀಮನ್ ಇಂಥದ್ದೊಂದಕ್ಕೆ 1949ರಲ್ಲಿ ಪೇಟೆಂಟ್ ಪಡೆದರು. ಹೊರಡುವ ಎರಡು ಗಂಟೆ ಮುಂಚೆ ಆನ್ ಆಗುವಂತೆ ಟೈಮರ್ ಇಟ್ಟರೆ ಸಾಕು, ರಾತ್ರಿಯಿಡೀ ಕರೆಂಟ್ ಉರಿಸಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗದರಿಸಿಯೇ ಹೇಳುತ್ತೇನೆ. ಬೆಚ್ಚಗಾಗಲಿ ಎಂದು ಮನೆಗೆ ಅಂಟಿಕೊಂಡ ಗ್ಯಾರೇಜಿನೊಳಗೆ ಕಾರು ಸ್ಟಾರ್ಟ್ ಮಾಡಿಡಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಹಿಮದಲ್ಲಿ ಹೂತ ಕಾರಿನ ಸೈಲೆನ್ಸರ್ ಬಾಯಿ ಬಿಡಿಸದೆ ಒಳಗೆ ಕೂರಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಚಳಿಗಾಲದಲ್ಲಿ ಹೀಗೆ ಸಾಯುವವರು ಇದ್ದೇ ಇರುತ್ತಾರೆ.

ಬೆಳಗಿನ ತಣ್ಣನೆ ಎಂಜಿನ್ನಿಗೆ ನಾನು ಕಂಡ ಅತಿ ಮೋಜಿನ ಮದ್ದು 2004ರ ಮಾದರಿಯ ಟೊಯೋಟಾ ಪ್ರಿಯಸ್‌ನಲ್ಲಿತ್ತು. ಅದರ ಹೊಟ್ಟೆಯಲ್ಲೊಂದು ನಿಜವಾದ ಥರ್ಮಾಸ್ ಫ್ಲಾಸ್ಕ್! ಕಾರು ಆಫ್ ಮಾಡಿದಾಗ ಸುಮಾರು ಮೂರು ಲೀಟರ್ ಬಿಸಿ ಕೂಲಂಟನ್ನು ಅದರೊಳಗೆ ತುಂಬಿಟ್ಟುಕೊಂಡು, ಮರುದಿನ ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ನಿಗೆ ಕುಡಿಸುತ್ತಿತ್ತು. ಬಿಸಿ ಮೂರು ದಿನದವರೆಗೂ ಉಳಿಯುತ್ತಿತ್ತು. ಉದ್ದೇಶ ಪ್ರಯಾಣಿಕರ ಕಾಲು ಬೆಚ್ಚಗಿಡುವುದಲ್ಲ, ತಣ್ಣನೆ ಎಂಜಿನ್ ಉಗುಳುವ ಹೊಗೆ ತಗ್ಗಿಸುವುದು. ಮುಂದಿನ ಮಾದರಿಯಲ್ಲಿ ಟೊಯೋಟಾ ಫ್ಲಾಸ್ಕನ್ನು ಬಿಟ್ಟು, ಸೈಲೆನ್ಸರಿನಲ್ಲಿ ಪೋಲಾಗುವ ಶಾಖವನ್ನು ಕೂಲಂಟಿಗೆ ಮರಳಿಸುವ ದಾರಿ ಹಿಡಿಯಿತು.