ಹಿಂದಿನ ಬ್ರೇಕ್ ಜಾಮ್ ಆಗ್ತಿದೆಯಾ? ಲೈನರ್ ಬದಲಿಸೋ ಮುಂಚೆ ಕ್ಯಾಮ್ ನೋಡಿ

ಬ್ರೇಕ್ ಒತ್ತಿ ಕಾಲು ತೆಗೆದ ಮೇಲೂ ಪೆಡಲ್ ನಿಧಾನಕ್ಕೆ ಮೇಲೆ ಬರ್ತಿದೆಯಾ? ಮೈಲೇಜ್ ಬೇರೆ ಇಳಿದಿದೆಯಾ? ಡೇರಿಗೆ ಹಾಲು ಹಾಕಿ ಬಂದ ತಕ್ಷಣ ಹಿಂದಿನ ಡ್ರಮ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುರ್ ಅಂದರೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಕೈ ಇಟ್ಟು ನೋಡಬೇಡಿ, ಸುಡುತ್ತೆ.

ಇಂಥ ಹೊತ್ತಲ್ಲಿ ನಮ್ಮಲ್ಲಿ ಬಹಳ ಜನ ಬ್ರೇಕ್ ರಾಡಿನ ತುದಿಯ ನಟ್ಟು ತಿರುಗಿಸ್ತಾರೆ. ಹಿಡಿಯದಿದ್ದರೆ ಟೈಟು, ಜಾಮ್ ಆದರೆ ಲೂಸು. ಅದಕ್ಕೂ ಬಗ್ಗದಿದ್ದರೆ ಹೊಸ ಬ್ರೇಕ್ ಶೂ. ಎಷ್ಟೋ ಸಲ ಶೂ ಚೆನ್ನಾಗೇ ಇರುತ್ತೆ, ಅದನ್ನು ಅಗಲಿಸುವ ಕ್ಯಾಮ್ ಬಿಗಿದುಕೊಂಡಿರುತ್ತೆ. ರಾಡ್ ಎಳೆದಾಗ ಡ್ರಮ್ಮಿನ ಹೊರಗೆ ಒಂದು ಲಿವರ್ ತಿರುಗುತ್ತಲ್ಲ, ಅದರ ಒಳತುದಿಯೇ ಕ್ಯಾಮ್. ಅಲ್ಯೂಮಿನಿಯಂ ಪ್ಲೇಟಿನ ತೂತಿನಲ್ಲಿ ಕೂತ ಸಣ್ಣ ಕಬ್ಬಿಣದ ಕಡ್ಡಿ ಅದು. ಗ್ರೀಸ್ ಒಣಗಿ ಕೆಸರುನೀರು ಒಳಗಿಳಿದರೆ ತುಕ್ಕು ಹಿಡಿಯುತ್ತೆ. ಆಗ ಎರಡು ಕ್ಯಾನ್ ಹಾಲು ಹೇರಿಕೊಂಡು ಇಳಿಜಾರಿನಲ್ಲಿ ಒತ್ತಿದರೆ ಬೇಕಾದಷ್ಟು ಹಿಡಿಯಲ್ಲ, ಹಿಡಿದರೆ ಬಿಡಲ್ಲ.

ಪೇಟೆ ಬೈಕಿಗಿಂತ ನಮ್ಮ ಬೈಕಿಗೆ ಇದು ಬೇಗ ಬರುತ್ತೆ. ಗೊಬ್ಬರದಂಗಡಿಯ ಪೊಟ್ಯಾಷ್, ಅಂದರೆ ಎಂಒಪಿ, ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣದ ಮಟ್ಟಿಗೆ ಅಡುಗೆ ಉಪ್ಪಿನ ಒಡಹುಟ್ಟು. ಯೂರಿಯಾ ಪುಡಿ ಗಾಳಿಯ ತೇವ ಹೀರಿ ಅಂಟಿಕೊಳ್ಳುತ್ತೆ. ಸಾಲದ್ದಕ್ಕೆ ಗಾಡಿ ನಿಲ್ಲಿಸೋದು ಕೊಟ್ಟಿಗೆಯಲ್ಲಿ, ಗಂಜಲದ ಪಕ್ಕ.

ಬಿಚ್ಚಲು ಅರ್ಧ ದಿನ ಇಟ್ಟುಕೊಳ್ಳಿ. ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೊ ತೆಗೆಯಿರಿ, ಜೋಡಿಸುವಾಗ ಜಗಳ ಇರಲ್ಲ. ಮೇನ್ ಸ್ಟ್ಯಾಂಡ್ ಹಾಕಿ, ರಾಡ್ ನಟ್ಟು, ಬ್ರೇಕ್ ಪ್ಲೇಟ್ ತಿರುಗದಂತೆ ಹಿಡಿಯುವ ಪಟ್ಟಿ, ಆಕ್ಸಲ್ ಬಿಚ್ಚಿ ಚಕ್ರ ತೆಗೆಯಿರಿ. ಡ್ರಮ್ಮಿನ ಪುಡಿಯನ್ನು ಬಾಯಿಂದ ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಮೊದಲು ಶೂ ಎರಡನ್ನೂ ತೆಗೆದು ದೂರ ಇಡಿ. ಲಿವರ್ ಎಲ್ಲಿ ಕೂತಿತ್ತೋ ಅಲ್ಲಿ ಕ್ಯಾಮಿನ ಮೇಲೊಂದು ಗೆರೆ ಎಳೆಯಿರಿ, ಆಮೇಲೆ ಬಿಚ್ಚಿ.

ಕ್ಯಾಮ್ ಅಲುಗುತ್ತಿಲ್ಲವಾ? ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಗಂಟೆ ಬಿಡಿ, ಲಿವರನ್ನು ಆಚೆ ಈಚೆ ಆಡಿಸಿ. ಸುತ್ತಿಗೆ ಬೇಡ, ಪ್ಲೇಟ್ ಬಿರುಕು ಬಿಟ್ಟರೆ ಖರ್ಚು ಜಾಸ್ತಿ. ಹೊರಬಂದ ಕ್ಯಾಮನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ತೂತನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಒಣಗಿಸಿ. ಗುಂಡಿ ಬಿದ್ದಿದ್ದರೆ ಹೊಸದು ಹಾಕಿ. ಬಿಸಿ ತಡೆಯುವ ಗ್ರೀಸನ್ನು ಮಾತ್ರ ತೆಳ್ಳಗೆ ಸವರಿ. ಸಾಮಾನ್ಯ ಗ್ರೀಸ್ ಕರಗಿ ಲೈನರಿಗೆ ಇಳಿಯುತ್ತೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕೋರಿದ್ದಾರೆ. ಅದು ಉಳಿತಾಯ ಅಲ್ಲ, ಹೊಸದೇ ಹಾಕಬೇಕು.

ಡ್ರಮ್ಮಿನ ಒಳಗೆ ಕೆಂಪು ಪೊರೆ ಇದ್ದರೆ ಗಾಬರಿ ಬೇಡ, ಪೇಪರಿನಲ್ಲಿ ಒಮ್ಮೆ ಉಜ್ಜಿದರೆ ಹೋಗುತ್ತೆ. ಸ್ಪ್ರಿಂಗ್ ತುಕ್ಕಿಗೆ ಸಣ್ಣಗಾಗಿದ್ದರೆ ಬದಲಿಸಿ.

ಡಿಸ್ಕ್ ಬ್ರೇಕಿನಲ್ಲಿ ಇದೇ ಕಥೆ ಕ್ಯಾಲಿಪರ್ ಜಾರುವ ಪಿನ್‌ಗಳದ್ದು. ಅಲ್ಲಿ ಸಿಲಿಕಾನ್ ಗ್ರೀಸೇ ಆಗಬೇಕು, ಬೇರೆಯದು ರಬ್ಬರ್ ಉಬ್ಬಿಸುತ್ತೆ. ಬ್ರೇಕ್ ಆಯಿಲ್ ತಾನೇ ತೇವ ಹೀರಿ ಒಳಗಿಂದ ತುಕ್ಕು ತರುತ್ತೆ, ಆದ್ದರಿಂದ 2 ವರ್ಷಕ್ಕೊಮ್ಮೆ ಬದಲಾಗಲಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವುದನ್ನೇ ಹಾಕಿ. ಪಿಸ್ಟನ್ ಬಿಗಿದಿದ್ದರೆ ಮೆಕ್ಯಾನಿಕ್ ಬಳಿ ಹೋಗಿ.

ಜೋಡಿಸುವಾಗ ಪ್ಲೇಟಿನ ಪಟ್ಟಿಯ ಬೋಲ್ಟು ಮತ್ತು ಪಿನ್ನನ್ನು ಎರಡು ಸಲ ನೋಡಿ. ಅದು ಮರೆತರೆ ಬ್ರೇಕ್ ಒತ್ತಿದಾಗ ಪ್ಲೇಟೇ ಚಕ್ರದ ಜೊತೆ ತಿರುಗಿ ಗಾಡಿ ಅಲ್ಲೇ ಲಾಕ್ ಆಗಿ ಬೀಳಿಸುತ್ತೆ. ಪೆಡಲಿಗೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಟ ಇರಬೇಕು, ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಅಳತೆ ಇರುತ್ತೆ. ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಲಿ. ಮೊದಲ ಸುತ್ತು ಅಂಗಳದಲ್ಲಿ, ಮೂಟೆ ಇಲ್ಲದೆ. ಗೊಬ್ಬರ ತಂದ ದಿನ ಚಕ್ರಕ್ಕೆ ಎರಡು ಬಕೆಟ್ ನೀರು ಹುಯ್ಯಿರಿ, ಪ್ರೆಷರ್ ಪೈಪನ್ನು ಡ್ರಮ್ಮಿಗೆ ನೇರ ಹಿಡಿಯಬೇಡಿ. ತೊಳೆದ ಮೇಲೆ ನೂರು ಮಾರು ಬ್ರೇಕ್ ಹಗುರಾಗಿ ಒತ್ತುತ್ತಾ ಓಡಿಸಿ, ಒಳಗಿನ ನೀರು ಆರುತ್ತೆ.